ಡಯಾಕಮ್ಮನ ಸಸ್ಯಾಹಾರ

ಅತ್ತೆ ಮನೆಯಲ್ಲಿ ನನ್ನ ಸ್ಥಾನವೇನು ಎಂಬುದನ್ನು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ತುರುವನೂರಿನ ಆ ಮನೆಯ ಪಡಸಾಲೆಯಲ್ಲಿ ಅಳಿಯಂದಿರಿಬ್ಬರಿಗೂ ಅಕ್ಕಪಕ್ಕದಲ್ಲೇ ತಟ್ಟೆ ಹಾಕುತ್ತಾರೆ. ಹೋಳಿಗೆಯೂ ಒಂದೇ ಹೆಂಚಿನದು. ಆದರೆ ನಮ್ಮ ಅತ್ತೆ ಏಕಾಂತಮ್ಮನವರು ತುಪ್ಪದ ಗಿಂಡಿ ಹಿಡಿದು ಬಂದಾಗ ಹಿರಿಯಳಿಯನ ತಟ್ಟೆಯ ಮೇಲೆ 'ಗಳಗಳ' ಎಂಬ ಸದ್ದು ಕೇಳಿಸುತ್ತದೆ. ಗಿಂಡಿ ನನ್ನ ತಟ್ಟೆಗೆ ಬರುವ ಹೊತ್ತಿಗೆ 'ತೊಟ್'. ಒಂದೇ ತೊಟ್. (ಒಮ್ಮೆ ಎರಡನೆಯದೂ ಬಿತ್ತೆಂದು ಹಿಗ್ಗಿದ್ದೆ. ನೋಡಿದರೆ ಅದು ಅತ್ತೆಯವರ ಹಣೆಯ ಬೆವರು.)

ಹಿರಿಯಳಿಯ ಎಂದರೆ ನನ್ನ ಹೆಂಡತಿ ದಾಕ್ಷಾಯಿಣಿಯ ಅಕ್ಕನ ಗಂಡ, ನನ್ನ ಷಡ್ಡಕ, ಶ್ರೀಮಾನ್ ಮಲ್ಲೇಶ್. ಭೀಮಸಮುದ್ರದ ಅಡಿಕೆ ವ್ಯಾಪಾರದವರು. ಆರಡಿ ಎತ್ತರ, ಬಿಳಿ ಕಾರು, ನಕ್ಕರೆ ಎರಡೂ ಕಡೆ ಏಳುವ ಮೀಸೆ. ನಾನು ದಯಾನಂದ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಬೈಕ್ ಷೋರೂಮೊಂದರ ಸರ್ವೀಸ್ ಕೌಂಟರಿನಲ್ಲಿ ಕೂತು, 'ಬ್ರೇಕ್ ಹಿಡೀತಿಲ್ಲ, ಎಲ್ಲೋ ಟಕಟಕ ಅಂತೈತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ' ಎಂದು ಹಿರಿಯೂರು, ಹೊಸದುರ್ಗದ ಕಡೆಯಿಂದ ಬರುವ ಗ್ರಾಹಕರ ಅಳಲನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವ ಸಂಬಳದಾಳು. ನನ್ನ ಅಳಲನ್ನು ಬರೆದುಕೊಳ್ಳುವ ಕೌಂಟರು ಇನ್ನೂ ಎಲ್ಲೂ ತೆರೆದಿಲ್ಲವಾದ್ದರಿಂದ ನಿಮ್ಮ ಹತ್ತಿರ ಬಂದಿದ್ದೇನೆ.

ಹೋದ ವರ್ಷ ಮಲ್ಲೇಶ್ ಒಂದು ಮೀನು ತಂದರು. ಮೀನೆಂದರೆ ಅಂತಿಂಥ ಮೀನಲ್ಲ, ಅರೋವಾನಾ. ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ಅದಕ್ಕೊಂದು ನೀಲಿ ದೀಪ, ಅದರೊಳಗೆ ಮೊಳದುದ್ದದ ಬಂಗಾರದ ಬಣ್ಣದ ಮೀನು, ತಪಾಸಣೆಗೆ ಬಂದ ದೊಡ್ಡ ಸಾಹೇಬರ ಹಾಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಲಿಂಗವಂತರ ಮನೆಯಲ್ಲಿ ಮೀನೇ ಎಂದು ಅತ್ತೆ ಮೊದಲು ಮುಖ ಸಿಂಡರಿಸಿದರಂತೆ. "ಅದಕ್ಕೆ ಕಾಳು ಹಾಕ್ತೀವಿ ಅತ್ತೆ. ಶುದ್ಧ ಸಸ್ಯಾಹಾರಿ" ಎಂದರಂತೆ ಮಲ್ಲೇಶ್. ಅಷ್ಟೇ ಸಾಕಾಯಿತು. ಮೀನು ಅಂದಿನಿಂದ ಮಠದ ಮರಿಯಾಗಿಬಿಟ್ಟಿತು. (ಅರೋವಾನಾ ಏನು ತಿನ್ನುತ್ತದೆಂದು ನಾನು ಫೋನಿನಲ್ಲಿ ನೋಡಿದ್ದೇನೆ. ಅದು ಕಾಳು ತಿನ್ನುವ ಮುಖವಲ್ಲ. ಆದರೆ ನಾನು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೇ ಇರಲಿ, ಅದಕ್ಕೂ ಮೀನಿನ ಊಟಕ್ಕೂ ಏನು ಸಂಬಂಧ?)

ಭೀಮಸಮುದ್ರಕ್ಕೆ ಹೋಗಿ ಮೀನಿನ ದರ್ಶನ ಮಾಡಿಕೊಂಡು ಬಂದ ಮೇಲೆ ದಾಕ್ಷಿಯ ಮಾತೂ ಅದೇ ಆಯಿತು.

"ಭಾವನ್ನ ನೋಡಿ ಕಲೀರಿ. ಒಂದು ಮೀನು ತಂದ್ರೂ ಎಂಥಾದ್ ತಂದವ್ರೆ! ನೀವು ಮದುವೆ ಆದಾಗಿಂದ ಈ ಮನೆಗೆ ಒಂದು ಜೀವ ಅಂತ ತಂದಿದೀರೇನ್ರಿ?"

"ಯಾಕೆ, ನಿನ್ನನ್ನ ತರಲಿಲ್ವೇನೆ?"

"ನನ್ನ ನಮ್ಮಪ್ಪ ಕಾರು ಮಾಡ್ಕಂಡು ತಂದು ಬಿಟ್ಟಿದ್ದು."

ಅಂದೇ ನಿಶ್ಚಯಿಸಿದೆ. ಒಂದೇ ಒಂದು ಸಲ, ತನ್ನ ತವರಿನವರೆಲ್ಲ ಕೂತಿರುವಾಗ, ಅದೂ ಮಲ್ಲೇಶ್ ಎದುರಿಗೆ, ದಾಕ್ಷಿಯ ಬಾಯಲ್ಲಿ 'ನಮ್ಮನೆಯವರೇ ವಾಸಿ' ಎಂಬ ಮಾತು ಬರಬೇಕು. ಅಷ್ಟಾದರೆ ಹೋಳಿಗೆಯನ್ನು ಒಣದಾಗಿಯೇ ತಿಂದೇನು.

ಆದರೆ ತರುವುದೇನನ್ನು? ಅರೋವಾನಾ ನನ್ನ ಮನೆಗೆ ಬಂದರೆ ಅದರ ತೊಟ್ಟಿ ಒಳಗಿರಬೇಕು, ನಾವಿಬ್ಬರೂ ಹೊರಗಿರಬೇಕು. ಜೋಗಿಮಟ್ಟಿ ರಸ್ತೆಯ ನಮ್ಮ ಬಾಡಿಗೆ ಮನೆ ಅಷ್ಟು ವಿಶಾಲ. ಹೀಗಿರುವಾಗ ಒಂದು ಮಧ್ಯಾಹ್ನ ಷೋರೂಮಿನ ಹಿಂದೆ ಬುತ್ತಿ ತಿನ್ನುತ್ತಾ ಕೂತಿದ್ದೆ. ಅಲ್ಲಿದ್ದ ಹಳೆಯ ಮಣ್ಣಿನ ದಿಬ್ಬವನ್ನು ಪಾರ್ಕಿಂಗಿಗೆಂದು ಮಟ್ಟ ಮಾಡಲು ಜೇಸೀಬಿ ಬಂದು ನಿಂತಿತ್ತು. ದಿಬ್ಬದ ಬುಡದಲ್ಲೊಂದು ತೂತು. ತೂತಿನ ಸುತ್ತ ಪಾರಿವಾಳದ ಗರಿ, ಗೊರವಂಕದ ಗರಿ, ನವಿಲುಗರಿಯ ಒಂದು ಎಳೆ, ಎಲ್ಲವನ್ನೂ ಯಾರೋ ಸಾಲಾಗಿ ಸಿಕ್ಕಿಸಿದ್ದರು. ಯಾರೆಂದು ನೋಡಿದರೆ ಒಂದು ಇರುವೆ. ಬೆರಳಿನ ಉಗುರಿನಷ್ಟು ಉದ್ದ, ಕಪ್ಪು, ಮೈಮೇಲೆ ಬಾಚಣಿಗೆಯಲ್ಲಿ ಎಳೆದಂಥ ಗೀರುಗಳು. ಅದು ಒಂದು ಗರಿಯನ್ನು ಎಳೆದು ತಂದು ಬಾಗಿಲಿಗೆ ತೋರಣ ಕಟ್ಟುತ್ತಿತ್ತು.

ಫೋಟೋ ತೆಗೆದು ಫೋನಿನಲ್ಲಿ ಇರುವೆ ಸಾಕುವವರ ಗುಂಪೊಂದನ್ನು ಹುಡುಕಿ ಹಾಕಿದೆ. (ಹೌದು, ಅಂಥ ಗುಂಪಿದೆ. ಲೋಕದಲ್ಲಿ ನನಗಿಂತ ಕೆಲಸವಿಲ್ಲದವರಿದ್ದಾರೆ.) ಐದೇ ನಿಮಿಷದಲ್ಲಿ ಉತ್ತರ ಬಂತು: ಈ ಇರುವೆಗೆ ವಿಜ್ಞಾನಿಗಳಿಟ್ಟ ಹೆಸರು ಡಯಾಕಮ್ಮ. ಒಣ ಸೀಮೆಯಲ್ಲಿ ಈ ಗರಿಗಳ ಮೇಲೆ ಬೆಳಗಿನ ಇಬ್ಬನಿ ಕೂರುತ್ತದೆ, ಇರುವೆ ಅದನ್ನು ಕುಡಿಯುತ್ತದೆ. ನೀರಿಗಾಗಿ ಇಷ್ಟು ತಲೆ ಓಡಿಸುವ ಜೀವ ನಮ್ಮ ಜಿಲ್ಲೆಯದ್ದೇ ಆಗಿರಬೇಕು ಎಂದು ನನಗೆ ಹೆಮ್ಮೆಯಾಯಿತು. ಕಾಲಡಿಯಲ್ಲಿ ಓಡಾಡುತ್ತಿದ್ದರೂ ಊರಲ್ಲಿ ಒಬ್ಬರಿಗೂ ಇದರ ಹೆಸರು ಗೊತ್ತಿಲ್ಲ; ಕರಿಯಿರುವೆ ಎಂದು ತುಳಿದುಕೊಂಡು ಹೋಗುತ್ತಾರೆ. ಅರೋವಾನಾ ಊರಿಗೆ ನಾಲ್ಕು ಮನೆಯಲ್ಲಿರಬಹುದು. ಡಯಾಕಮ್ಮ ಯಾರ ಮನೆಯಲ್ಲಿದ್ದಾಳೆ?

ಜೇಸೀಬಿಯವನು ಬೀಡಿ ಮುಗಿಸುವುದರೊಳಗೆ ನಾನು ಗೂಡನ್ನು ಅಗೆದು, ಇರುವೆ, ಮೊಟ್ಟೆ, ಮರಿ ಎಲ್ಲವನ್ನೂ ಮಣ್ಣಿನ ಸಮೇತ ನನ್ನ ಹೆಲ್ಮೆಟ್ಟಿಗೆ ತುಂಬಿಕೊಂಡೆ. ಮೂರು ಕಡೆ ಕುಟುಕಿದವು. (ಕಚ್ಚುವುದಕ್ಕೂ ಕುಟುಕುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಅದೇ ಹೆಲ್ಮೆಟ್ಟನ್ನು ಮರೆತು ಮರುದಿನ ತಲೆಗೆ ಹಾಕಿಕೊಳ್ಳಬೇಕು.)

ಎರಡು ದಿನ ಅವುಗಳನ್ನು ಬಚ್ಚಲುಮನೆಯ ಬಕೆಟ್ಟಿನಲ್ಲಿ ಬಚ್ಚಿಟ್ಟಿದ್ದೆ. ಮೂರನೆಯ ದಿನ ದಾಕ್ಷಿ ನನ್ನ ಫೋನನ್ನು ಎರಡೇ ಬೆರಳಲ್ಲಿ ಹಿಡಿದು ಬಂದಳು.

"ರೀ, ಯಾರದು ಡಯಾಕಮ್ಮ? 'ಹೊಸ ಮನೆಗೆ ಹೊಂದಿಕೊಂಡಳಾ' ಅಂತ ಯಾರೋ ಕೇಳವ್ರೆ. ಯಾವ ಮನೆ ಮಾಡಿಕೊಟ್ಟಿದೀರಿ?"

ಬಕೆಟ್ಟು ತೋರಿಸಿದೆ. ಡಯಾಕಮ್ಮ ಹೆಂಗಸಾಗಿದ್ದರೇ ವಾಸಿಯಿತ್ತು ಎನ್ನುವಂತಿತ್ತು ಅವಳ ಮುಖ. ಬಕೆಟ್ಟಿನ ಸಮೇತ ನಾನೂ ಹೊರಗೆ ಬೀಳುವವನಿದ್ದೆ. ಉಳಿಸಿದ್ದು ಒಂದೇ ಸಂಗತಿ. ಸಮಯ ಕೊಳ್ಳೋಣವೆಂದು, ಗುಂಪಿನವರು ಕಳಿಸಿದ್ದನ್ನು ಗಟ್ಟಿಯಾಗಿ ಓದತೊಡಗಿದೆ. ಈ ಇರುವೆಗಳಿಗೆ ರಾಣಿ ಇಲ್ಲ. ಎಲ್ಲವೂ ನನ್ನಂತೆ ಕೆಲಸದವೇ. ಹುಟ್ಟುವಾಗ ಪ್ರತಿಯೊಂದರ ಬೆನ್ನಿನ ಮೇಲೂ ಸಾಸಿವೆಗಿಂತ ಸಣ್ಣ ಎರಡು ಮೊಗ್ಗುಗಳಿರುತ್ತವೆ. ಆದರೆ ಗೂಡಿನಲ್ಲಿ ಯಜಮಾನಿಕೆ ಹಿಡಿದ ಒಬ್ಬಳಿರುತ್ತಾಳೆ. ಹೊಸದಾಗಿ ಹುಟ್ಟಿಬಂದ ಪ್ರತಿಯೊಂದರ ಮೊಗ್ಗನ್ನೂ ಕಚ್ಚಿ ಕಿತ್ತುಹಾಕುತ್ತಾಳೆ. ಮೊಗ್ಗು ಹೋಯಿತೆಂದರೆ ಆ ಇರುವೆ ಮತ್ತೆ ತಲೆ ಎತ್ತುವುದಿಲ್ಲ, ಸಾಯುವವರೆಗೆ ಹೇಳಿದ ಕೆಲಸ ಮಾಡಿಕೊಂಡು ಬಿದ್ದಿರುತ್ತದೆ. ಮೊಟ್ಟೆ ಇಡುವವಳು ಯಜಮಾನಿ ಒಬ್ಬಳೇ.

ದಾಕ್ಷಿ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಬಕೆಟ್ಟನ್ನು ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಬೆನ್ನನ್ನು ನೋಡಿದಳು.

"ಇರ್ಲಿ ಬಿಡ್ರಿ, ಸಾಕಾಣ" ಎಂದಳು.

ಅವುಗಳಿಗೊಂದು ಅರಮನೆ ಕಟ್ಟಿಸಲು ದಿಲಾವರನ ಹತ್ತಿರ ಹೋದೆ. ಹಳೇ ಪೇಟೆಯ ಸಂದಿಯೊಂದರಲ್ಲಿ ಅವನದು ಮರಗೆಲಸದ ಅಂಗಡಿ. ಅವನ ಬೈಕಿನ ಟಕಟಕವನ್ನು ಎಷ್ಟೋ ವರ್ಷದಿಂದ ಬರೆದುಕೊಳ್ಳುತ್ತಿರುವವನು ನಾನೇ. ತೇಗದ ಚೌಕಟ್ಟು, ಮೇಲೆ ಸರಿಸುವ ಗಾಜಿನ ಮುಚ್ಚಳ, ಒಳಗೆ ಗಾರೆಯ ನೆಲ ಹಾಕಿ ಚೆಂದದ ಪೆಟ್ಟಿಗೆ ಮಾಡಿಕೊಟ್ಟ. ಅದನ್ನು ಹಿಂದಿನ ಕೋಣೆಯ ಕಿಟಕಿಯ ಪಕ್ಕ ಇಟ್ಟೆವು. ಇರುವೆ ಮಹಾಸಂಸ್ಥಾನ ಸ್ಥಾಪನೆಯಾಯಿತು.

ಆ ಸೋಮವಾರವೇ ಅತ್ತೆ ಮಾವ ಬಂದರು. ಮಾವ ಮರುಳಸಿದ್ದಪ್ಪನವರು ವರ್ಷಕ್ಕೆ ಹತ್ತು ಮಾತಾಡುವವರು. ಗಾಜಿನೊಳಗೆ ನೋಡಿ ಒಂದನ್ನು ಖರ್ಚು ಮಾಡಿದರು. "ಭಲೆ." ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು ನೇರವಾಗಿ ಕೇಳಿದರು.

"ಏನ್ ತಿಂತಾವ್ರಿ ಇವು?"

ಓದುಗರೇ, ಆ ಗಳಿಗೆಯಲ್ಲಿ ನಾನು ನಿಜ ಹೇಳಬಹುದಿತ್ತು. ಡಯಾಕಮ್ಮ ಬೇಟೆಯ ಇರುವೆ. ಸಕ್ಕರೆ ನೀರನ್ನು ಮೂಸಿ ನೋಡುತ್ತಾಳೆ, ಅಷ್ಟೇ. ಹೊಟ್ಟೆ ತುಂಬಬೇಕಾದರೆ, ಮರಿ ಬೆಳೆಯಬೇಕಾದರೆ, ಹುಳವೇ ಬೇಕು. ಆದರೆ ನನ್ನ ಕಣ್ಣ ಮುಂದೆ ಬಂಗಾರದ ಮೀನೊಂದು ಈಜಿಕೊಂಡು ಹೋಯಿತು.

"ಶುದ್ಧ ಸಸ್ಯಾಹಾರಿ ಅತ್ತೆ" ಎಂದೆ. "ಸಕ್ಕರೆ, ರವೆ, ಅಷ್ಟೇ."

"ನಮ್ಮವೇ ಅನ್ರಿ!" ಅತ್ತೆಯವರ ಮುಖ ಅರಳಿತು. ಇರುವೆಗೆ ಸಕ್ಕರೆ ಬೆರೆಸಿದ ರವೆ ಹಾಕುವುದು ಅವರ ಬಹುಕಾಲದ ಪುಣ್ಯದ ಕೆಲಸ. ಮಂಡಿನೋವು ಶುರುವಾದ ಮೇಲೆ ಮರದ ಬುಡದಲ್ಲಿ ಬಗ್ಗಿ ಕೂರಲಾಗದೆ ಪುಣ್ಯ ನಿಂತುಹೋಗಿತ್ತು. ಈಗ ಕುರ್ಚಿಯ ಮೇಲೆ ಕೂತು, ಫ್ಯಾನಿನ ಕೆಳಗೆ, ಗಾಜು ಸರಿಸಿ ಚಮಚದಲ್ಲಿ ಹಾಕಬಹುದು. "ಏನೇ ಅನ್ನು ದಾಕ್ಷಿ, ಮೀನು ಎಷ್ಟಿದ್ರೂ ಮೀನೇ. ಇದು ನೋಡು, ಮನೆಗೆ ಲಕ್ಷಣ. ಸಣ್ಣ ಅಳಿಯಂದ್ರಿಗೆ ತಲೆ ಐತೆ."

ಸಣ್ಣ ಅಳಿಯಂದ್ರಿಗೆ ತಲೆ ಐತೆ! ಈ ವಾಕ್ಯವನ್ನು ನಾನು ಆ ವಾರವೆಲ್ಲ ಸರ್ವೀಸ್ ಕೌಂಟರಿನಲ್ಲಿ ಮನಸ್ಸಿನೊಳಗೆ ಚಪ್ಪರಿಸಿದೆ. ಅತ್ತೆ ಪ್ರತಿ ಸೋಮವಾರ ಡಬ್ಬಿಯ ತುಂಬಾ ಸಕ್ಕರೆ ರವೆ ತರತೊಡಗಿದರು. ಅವರು ಹಾಕಿದ ರವೆಯನ್ನು ಇರುವೆಗಳು ಕಸವೆಂದು ತಿಳಿದು ಒಂದೊಂದೇ ಕಾಳಾಗಿ ಹೊತ್ತು ಮೂಲೆಗೆ ಎಸೆಯುತ್ತಿದ್ದವು. ಅತ್ತೆ ಹೋದ ಮೇಲೆ ದಾಕ್ಷಿ ಅದನ್ನು ಚಮಚದಲ್ಲಿ ಬಳಿದು ತೆಗೆಯುತ್ತಿದ್ದಳು. (ಎಸೆಯುತ್ತಿದ್ದಳೋ ಇಲ್ಲವೋ ತಿಳಿಯದು. ಮಂಗಳವಾರ ನನ್ನ ಬುತ್ತಿಯ ಉಪ್ಪಿಟ್ಟು ಯಾಕೋ ಸಿಹಿಯಾಗಿರುತ್ತಿತ್ತು.)

ಷಡ್ಡಕನನ್ನು ಗೆದ್ದ ಖುಷಿ ಹದಿನೈದು ದಿನ ಬಾಳಿತು. ಅಷ್ಟರಲ್ಲಿ ಹೊಸ ಹೊಟ್ಟೆಕಿಚ್ಚು ಶುರುವಾಯಿತು. ಇದು ಒಂದಲ್ಲ, ಎಂಬತ್ತೇಳು ಹೊಟ್ಟೆಕಿಚ್ಚು. ಇರುವೆಗಳನ್ನು ಎಣಿಸಿದವಳು ದಾಕ್ಷಿಯೇ.

ನಾನು ಕೆಲಸದಿಂದ ಬಂದು 'ದಾಕ್ಷೀ' ಎಂದರೆ ಒಳಗಿನಿಂದ "ಶ್ಶ್! ಯಜಮಾನಿ ಮೊಟ್ಟೆ ಇಡ್ತಾವಳೆ!" ಎಂಬ ಉತ್ತರ. ಕಾಫಿ ಕೇಳಿದರೆ "ನೀವೇ ಮಾಡ್ಕಳ್ರಿ, ನಂಗೂ ಒಂದು ಲೋಟ ತನ್ನಿ." ನಾನು ಜ್ವರದಿಂದ ಮಲಗಿದಾಗ ಹಣೆ ಮುಟ್ಟಿ ನೋಡಿದಳು, ನಿಜ. ಆದರೆ ಕೇಳಿದ್ದು, "ನಿಮ್ಮ ಜ್ವರ ಅವಕ್ಕೂ ಹತ್ತುತ್ತೇನ್ರಿ?" ಒಂದು ಸಂಜೆ ಬಂದರೆ ಒಲೆ ತಣ್ಣಗಿದೆ. ಪೆಟ್ಟಿಗೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇರುವೆಗಳು ಮನೆ ಬದಲಾಯಿಸುತ್ತಿವೆ. ಅವು ಹಿಂಡಾಗಿ ಹ್ಯಾಗೆಂದರೆ ಹಾಗೆ ಹೋಗುವುದಿಲ್ಲ. ಜೋಡಿ ಜೋಡಿ. ಮುಂದಿನದು ದಾರಿ ತೋರಿಸುತ್ತದೆ, ಹಿಂದಿನದು ಅದರ ಬೆನ್ನನ್ನು ಮೀಸೆಯಿಂದ ಮುಟ್ಟಿ ಮುಟ್ಟಿ 'ಬಂದೆ ನಡಿ, ಬಂದೆ ನಡಿ' ಎನ್ನುತ್ತಾ ಹಿಂಬಾಲಿಸುತ್ತದೆ. ನನಗೂ ಮನಸ್ಸು ಕರಗಿತು.

"ಮದುವೆಯಾದ ಹೊಸದರಲ್ಲಿ ನಾವೂ ಕೋಟೆ ಮೇಲೆ ಹಿಂಗೇ ಓಡಾಡಿದ್ವಲ್ಲೆ ದಾಕ್ಷಿ."

"ಸುಮ್ನಿರ್ರಿ, ಎಣಿಕೆ ತಪ್ತೈತೆ."

ದಿನಕ್ಕೆರಡು ಹೊತ್ತು ಗಾಜಿಗೆ ಮೂಗು ಒತ್ತಿ ಕೂರುವವಳಿಗೆ ಅವುಗಳ ಊಟದ ವಿಷಯ ಗೊತ್ತಾಗದೆ ಇದ್ದೀತೆ? ಮೂರನೆಯ ವಾರಕ್ಕೇ ಹಿಡಿದಳು. ರವೆ ಮೂಲೆಗೆ ಬೀಳುತ್ತಿದೆ, ಮರಿಗಳು ಬಡವಾಗುತ್ತಿವೆ. ನಾನು ನಿಜ ಒಪ್ಪಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬಾಗಿಲು ಹಾಕಿ ಬಂದು ಪಿಸುದನಿಯಲ್ಲಿ ಹೇಳಿದಳು:

"ಅವಕ್ಕೆ ಹುಳ ಬೇಕು ಅಂದ್ರೆ ಹುಳ ತರ್ರಿ. ಆದ್ರೆ ಅಮ್ಮಂಗೆ ಗೊತ್ತಾದ್ರೆ ಪೆಟ್ಟಿಗೆ ಎತ್ತಿ ಬೀದಿಗೆ ಹಾಕ್ತಾಳೆ. ಬಾಯಿ ಬಿಡಲ್ಲ ಅಂತ ಆಣೆ ಇಡ್ರಿ."

"ನಿನ್ನ ತಲೆ ಮೇಲಾಣೆ."

"ನನ್ನ ತಲೆ ಬ್ಯಾಡ. ಯಜಮಾನಿ ತಲೆ ಮ್ಯಾಲೆ ಇಡ್ರಿ."

ಇಟ್ಟೆ. ಬೆರಳು ಎರಡು ದಿನ ಊದಿಕೊಂಡಿತ್ತು.

ಡಯಾಕಮ್ಮನಿಗೆ ಪರಮಾನ್ನವೆಂದರೆ ಗೆದ್ದಲು. ಗೆದ್ದಲು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಮಾಡಿಸುವಾಗ ದಿಲಾವರನ ಅಂಗಡಿಯ ಹಿಂದಿನ ತುಂಡು ಮರದ ರಾಶಿಯಲ್ಲಿ ಬಿಳಿಬಿಳಿಯಾಗಿ ಹರಿದಾಡುವುದನ್ನು ಕಂಡಿದ್ದೆ. ಹೋಗಿ ಕೇಳಿದೆ. ಅವನ ಕೈಯಲ್ಲಿದ್ದ ಉಳಿ ಕೆಳಗೆ ಬಿತ್ತು.

"ದಯಾನಂದ್ ಸಾರ್, ಮೆತ್ತಗೆ ಮಾತಾಡ್ರಿ! ಆ ರಾಶೀಲಿ ಮಾತ್ರ ಸಾರ್, ನನ್ನ ತೇಗಕ್ಕೆ ಮುಟ್ಟಿಲ್ಲ. ಆದ್ರೂ ಮರದ ಅಂಗಡೀಲಿ ಗೆದ್ದಲು ಅಂತ ಸುದ್ದಿಯಾದ್ರೆ ನಾಳೆ ನನ್ನ ಹತ್ರ ಬಾಗಿಲು ಮಾಡಿಸಾಕೆ ಯಾರು ಬರ್ತಾರೆ?"

"ದಿನಾ ಒಂದು ಹಿಡಿ ಕೊಡು ದಿಲಾವರ್. ನಾನು ಮೂಕ."

"ಒಂದು ಹಿಡಿ ಯಾಕ್ ಸಾರ್, ಸಂಸಾರ ಸಮೇತ ಕರಕಂಡೋಗ್ರಿ! ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ರಿ, ಅಷ್ಟೇ."

ಕೊಟ್ಟೆ. ಹೀಗೆ ಎರಡು ಕಡೆ ಮಾತು ಕೊಟ್ಟು, ಎರಡು ಬೀಗ ಹಾಕಿದ ಬಾಯಿಯೊಂದಿಗೆ ದಿನಾ ಸಂಜೆ ಗೆದ್ದಲು ಸಾಗಿಸತೊಡಗಿದೆ. ಮೊದಲು ಬುತ್ತಿಯ ಡಬ್ಬಿಯಲ್ಲಿ ತರುತ್ತಿದ್ದೆ. ಒಂದು ಮಧ್ಯಾಹ್ನ ಚಿತ್ರಾನ್ನದಲ್ಲಿ ಕಡಲೆಬೀಜವೊಂದು ನಡೆದುಕೊಂಡು ಹೋದ ಮೇಲೆ ಅದನ್ನು ಬಿಟ್ಟೆ. ದಿಲಾವರನ ಅಂಗಡಿಯ ಎದುರಿಗೆ ತಿಪ್ಪೇಶನ ಕಬಾಬ್ ಗಾಡಿ. ಅವನ ಹತ್ತಿರ ದಪ್ಪ ಕಾಗದದ ಕವರುಗಳಿದ್ದವು. ಗೆದ್ದಲಿಗೆ ಗಾಳಿಯೂ ಆಡುತ್ತದೆ, ಮರದ ಪುಡಿಯೂ ಸೋರುವುದಿಲ್ಲ. ದಿನಾ ಒಂದು ಕವರು ಇಸಿದುಕೊಂಡು ಹೋಗಿ ತುಂಬಿಸಿಕೊಳ್ಳುತ್ತಿದ್ದೆ. ಕವರಿನ ಮೇಲೊಂದು ಕೋಳಿಯ ಚಿತ್ರ. ತನ್ನನ್ನೇ ಕರಿಯುತ್ತಿದ್ದಾರೆಂಬುದು ತಿಳಿಯದ ಆ ಕೋಳಿ ಹೆಬ್ಬೆರಳೆತ್ತಿ ನಗುತ್ತಿತ್ತು. (ಕೋಳಿಗೆ ಹೆಬ್ಬೆರಳೆಲ್ಲಿಂದ ಬಂತೆಂದು ಆಗ ಯೋಚಿಸಿದೆನೇ ಹೊರತು, ನೋಡಿದವರಿಗೆ ಏನನ್ನಿಸೀತೆಂದು ಯೋಚಿಸಲಿಲ್ಲ.)

ಆ ಹೊತ್ತಿಗೆ ಸರಿಯಾಗಿ ನನ್ನ ಷಡ್ಡಕರು ತಮ್ಮ ಹೊಸ ಮನೆಗೆ ತಲೆಬಾಗಿಲು ಮಾಡಿಸಲು ಇಡೀ ಜಿಲ್ಲೆಯಲ್ಲಿ ಯಾರನ್ನು ಹಿಡಿಯಬೇಕು ಹೇಳಿ? ದಿಲಾವರನನ್ನೇ.

ಅದೊಂದು ಸೋಮವಾರ. ಸಂಜೆ ಆರಕ್ಕೆ ಮನೆಗೆ ಬಂದರೆ ಬಾಗಿಲಲ್ಲಿ ಬಿಳಿ ಕಾರು. ಒಳಗೆ ಮಾವ ಕುರ್ಚಿಯಲ್ಲಿ, ಮಲ್ಲೇಶ್ ಸೋಫಾದಲ್ಲಿ, ಅತ್ತೆ ಇನ್ನೊಂದು ಕುರ್ಚಿಯಲ್ಲಿ ತೊಡೆಯ ಮೇಲೆ ರವೆಯ ಡಬ್ಬಿ ಇಟ್ಟುಕೊಂಡು. ದಾಕ್ಷಿ ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನ ಕೈಯಲ್ಲಿ ನಗುವ ಕೋಳಿ.

"ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ" ಎಂದರು ಅತ್ತೆ. ನನ್ನ ಮನೆಯಲ್ಲಿ ನನಗೇ ಇಷ್ಟು ಮರ್ಯಾದೆ ಸಿಕ್ಕಿತೆಂದರೆ ಏನೋ ಕೆಟ್ಟದ್ದು ನಡೆದಿದೆಯೆಂದೇ ಅರ್ಥ.

ಮಲ್ಲೇಶ್ ಗಂಟಲು ಸರಿ ಮಾಡಿಕೊಂಡರು. "ದಯಾನಂದ, ಬೇಜಾರು ಮಾಡ್ಕಬ್ಯಾಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬಾಗಿಲು ನೋಡಾಕೆ ಅಂತ ದಿಲಾವರ್ ಅಂಗಡಿ ಕಡೆ ಮೂರು ಸಲ ಬಂದಿದ್ದೆ. ಮೂರು ಸಲಾನೂ ನೀನು ಆ ತಿಪ್ಪೇಶನ ಗಾಡಿ ಹತ್ರ ಕವರು ಇಸ್ಕಂತಿದ್ದೆ."

"ಅಣ್ಣ, ನಾನು ಬರೀ ಕವರು ಇಸ್ಕಂಡಿದ್ದು! ಕಬಾಬ್ ಅಲ್ಲ!"

ಮಾವ ಆ ವರ್ಷದ ಉಳಿತಾಯದಿಂದ ಐದು ಮಾತು ತೆಗೆದರು. "ಖಾಲಿ ಕವರು ಇಸ್ಕಣಾಕೆ ದಿನಾ ಹೋಗ್ತೀಯೇನಪ್ಪ?"

ನಿಜ ಎಷ್ಟು ಸುಳ್ಳಾಗಿ ಕೇಳಿಸಬಹುದೆಂದು ನನಗೆ ಆಗ ಅರಿವಾಯಿತು.

"ಕೈಯಾಗೇನದು?" ಎಂದರು ಅತ್ತೆ. ಎಲ್ಲರೂ ಕೋಳಿಯನ್ನು ನೋಡಿದರು. ಅದೇ ಸಮಯಕ್ಕೆ ಕವರು ಸರಸರ ಎಂದು ಅಲುಗಿತು.

"ಅಯ್ಯಯ್ಯೋ ಶಿವನೆ! ಇನ್ನೂ ಜೀವ ಐತೇನ್ರಿ ಅದಕ್ಕೆ?"

"ಮರದ ಪುಡಿ ಅತ್ತೆ…"

"ಮರದ ಪುಡಿ ಅಲುಗಾಡ್ತೈತಾ?"

ನಾನು ದಾಕ್ಷಿಯ ಕಡೆ ನೋಡಿದೆ. ಅವಳು ಹುಬ್ಬಿನಲ್ಲೇ ಹಿಂದಿನ ಕೋಣೆಯನ್ನು ತೋರಿಸಿ, ಆಣೆ ಇಟ್ಟ ನನ್ನ ಬೆರಳನ್ನು ನೋಡಿದಳು. ಒಂದು ಬೀಗ ಅಲುಗುವಂತಿಲ್ಲ. ಇನ್ನೊಂದನ್ನು ಬೇರೆಯವರೇ ತೆರೆಯಲಿ ಎಂದು, "ಬೇಕಾದ್ರೆ ದಿಲಾವರ್‌ನೇ ಕೇಳ್ರಿ, ನಾನು ಹೋಗೋದು ಅವನ ಅಂಗಡಿಗೆ!" ಎಂದುಬಿಟ್ಟೆ. ಮಲ್ಲೇಶ್ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಟೀಪಾಯಿಯ ಮೇಲೆ ಇಟ್ಟರು.

"ದಿಲಾವರ್, ನಾನು ಭೀಮಸಮುದ್ರದ ಮಲ್ಲೇಶ್."

"ನಮಸ್ಕಾರ ಸಾವ್ಕಾರ್ರೆ! ನಿಮ್ಮ ಬಾಗಿಲು ಕಬ್ಬಿಣ ಇದ್ದಂಗೈತೆ!"

"ಅದಿರ್ಲಿ. ನಮ್ಮ ದಯಾನಂದ ದಿನಾ ನಿಮ್ಮ ಅಂಗಡಿಯಿಂದ ಏನೋ ತಗಂಡೋಗ್ತಾನಂತೆ?"

ಆ ಕಡೆ ಉಳಿಪೆಟ್ಟು ನಿಂತಿತು. ತಲೆಬಾಗಿಲಿನ ಸಾವ್ಕಾರರು ಕೇಳುತ್ತಿದ್ದಾರೆ. ದಿಲಾವರ ಬಾಯಿ ಬಿಟ್ಟರೆ ಬಾಗಿಲು ಹೋಗುತ್ತದೆ.

"ನಮ್ಮ ಅಂಗಡಿಯಿಂದಾನಾ? ಏನೂ ಇಲ್ಲ ಸಾವ್ಕಾರ್ರೆ! ಇಲ್ಲೇನೈತೆ ತಗಂಡೋಗಾಕೆ? ಒಂದು ಹುಳಾನೂ ಇಲ್ಲ!"

"ಮತ್ತೆ ಕೈಯಾಗೆ ಕವರು?"

"ಕವರು ಎದುರುಗಡೆ ಗಾಡೀದು. ಒಳಗೇನಿರ್ತೈತೋ ನಂಗೇನ್ ಗೊತ್ತು? ನಾನು ಆ ಕಡೆ ತಿರುಗೂ ನೋಡಲ್ಲ ಸಾವ್ಕಾರ್ರೆ!"

ಮಲ್ಲೇಶ್ ಫೋನನ್ನು ಜೇಬಿಗೆ ಇಳಿಸಿ ನನ್ನನ್ನು ಕನಿಕರದಿಂದ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಷಡ್ಡಕನ ಕನಿಕರವನ್ನು ತಡೆದುಕೊಳ್ಳುವ ಎದೆ ಯಾವ ಗಂಡಿಗಿದೆ?

"ದಾಕ್ಷಿ, ಆ ಕವರು ಇಸ್ಕಂಡು ಬಿಚ್ಚೇ" ಎಂದರು ಅತ್ತೆ.

ಇನ್ನು ಎಲ್ಲವೂ ಅವಳ ಕೈಯಲ್ಲಿ. ಬಿಚ್ಚಿದರೆ ಗೆದ್ದಲು ಹೊರಬೀಳುತ್ತದೆ, ನಾನು ಉಳಿಯುತ್ತೇನೆ, ಇರುವೆಗಳು ಬೀದಿಗೆ ಬೀಳುತ್ತವೆ. ಬಿಚ್ಚದಿದ್ದರೆ ಇರುವೆಗಳು ಉಳಿಯುತ್ತವೆ, ನನ್ನ ಮಾನ ಬೀದಿಗೆ ಬೀಳುತ್ತದೆ. ಒಂದು ಕಡೆ ಗುರುಹಿರಿಯರ ಎದುರಿಗೆ ತಾಳಿ ಕಟ್ಟಿದ ಗಂಡ. ಇನ್ನೊಂದು ಕಡೆ ಎಂಬತ್ತೇಳು ಇರುವೆ. ಸಂಖ್ಯೆಯಲ್ಲಿ ನಾನು ಸ್ವಲ್ಪ ಹಿಂದೆ ಬಿದ್ದಿದ್ದೆ, ಒಪ್ಪುತ್ತೇನೆ. ಆದರೂ ಗಂಡ ಗಂಡನೇ ಅಲ್ಲವೇ? ಮಲ್ಲೇಶ್ ಎದುರಿಗೇ ಕೂತಿದ್ದಾರೆ. ನಾನು ವರ್ಷದಿಂದ ಕಾಯುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಸಭೆ ಇನ್ನೆಲ್ಲಿ ಸಿಕ್ಕೀತು?

ದಾಕ್ಷಿ ಕವರನ್ನು ಇಸಿದುಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು. ನನ್ನ ಕಣ್ಣಲ್ಲೂ ತುಂಬಿತು, ಅವಳದು ನನಗಾಗಿ ಎಂದುಕೊಂಡು.

"ಬಿಚ್ಚೋದೇನು ಬ್ಯಾಡಮ್ಮ" ಎಂದಳು. "ಇದರಾಗೆ ಕಬಾಬೇ ಐತೆ."

"ದಾಕ್ಷೀ!" ಎಂದೆ.

"ಎಷ್ಟು ದಿನ ಅಂತ ಮುಚ್ಚಿಡಲಿ? ಸೋಮವಾರ ಅಂತಾನೂ ನೋಡಲ್ಲಮ್ಮ ಇವ್ರು. ಭಾವ ಹಂಗಿಲ್ಲ, ಪುಣ್ಯವಂತೆ ನಮ್ಮಕ್ಕ. ನೀನು ನೊಂದ್ಕಂತೀಯ ಅಂತ ಹೊಟ್ಟೇಲಿ ಇಟ್ಕಂಡಿದ್ದೆ."

"ಮತ್ತೆ ಅಲುಗಾಡಿದ್ದು ಯಾಕೆ?" ಎಂದು ಮಲ್ಲೇಶ್ ಕೇಳಿದರು. ಅವರು ವ್ಯಾಪಾರಸ್ಥರು, ತೂಕದಲ್ಲಿ ಮೋಸ ಹೋಗುವವರಲ್ಲ.

"ಬಿಸಿ ಐತೆ ಭಾವ. ಈಗಿನ್ನ ಎಣ್ಣೆಯಿಂದ ತೆಗೆದಿದ್ದು" ಎಂದು ಕಣ್ಣೊರೆಸಿಕೊಂಡು, ಕವರನ್ನು ತುದಿಬೆರಳಲ್ಲಿ ದೂರ ಹಿಡಿದು, "ಹಿತ್ತಲಿಗೆ ಎಸೆದು ಬರ್ತೀನಿ" ಎಂದು ಒಳಗೆ ಹೋದಳು. ಹಿತ್ತಲಿಗೆ ಹೋಗಬೇಕಾದರೆ ಹಿಂದಿನ ಕೋಣೆಯನ್ನು ದಾಟಬೇಕು. ಗಾಜಿನ ಮುಚ್ಚಳ ಸರಿಯುವ ಸದ್ದು ನನ್ನ ಕಿವಿಗೆ ಮಾತ್ರ ಬಿತ್ತು.

ತೀರ್ಪು ಅಲ್ಲೇ ಆಯಿತು. ಐದು ಸೋಮವಾರ ಉಪವಾಸ. ಐದು ವಾರ ತಟ್ಟೆ ಬೇರೆ, ಊಟ ಹಿತ್ತಿಲ ಮೆಟ್ಟಿಲ ಮೇಲೆ. ಅತ್ತೆ ವಿಭೂತಿಯ ಉಂಡೆ ತರಿಸಿದರು. ಅದನ್ನು ನನ್ನ ಹಣೆಗೆ ಹಚ್ಚುವ ಅಧಿಕಾರವನ್ನು ಹಿರಿಯಳಿಯನಿಗೇ ಕೊಟ್ಟರು. ಮಲ್ಲೇಶ್ ಮೂರು ಬೆರಳಿನಿಂದ ಎಳೆಯುತ್ತಾ ಮೃದುವಾಗಿ ಹೇಳಿದರು:

"ಮನಸ್ಸು ಗಟ್ಟಿ ಮಾಡ್ಕೋ ದಯಾನಂದ. ನಮ್ಮ ಮೀನನ್ನೇ ನೋಡು. ಮೀನಾಗಿ ಹುಟ್ಟಿ ಕಾಳು ತಿಂದ್ಕಂಡು ಇಲ್ವೇನು?"

"ಮೀನ್ಯಾಕೆ ಮಲ್ಲೇಶಪ್ಪ, ಈ ಮನೇಲೇ ಇರುವೆ ಇಲ್ವಾ?" ಎಂದರು ಅತ್ತೆ, ನನ್ನ ಕಡೆ ತಿರುಗಿ. "ಅವನ್ನ ನೋಡಿ ಬುದ್ಧಿ ಕಲೀರಿ ಅಳಿಯಂದ್ರೆ. ಎಂಥಾರ ಮನೇಲಿದ್ರೂ ತಮ್ಮ ನಡತೆ ಬಿಟ್ಟಿಲ್ಲ. ಸಕ್ಕರೆ ರವೆ ಬಿಟ್ಟು ಇನ್ನೊಂದು ಮುಟ್ಟಲ್ಲ!"

ಅವರು ಅದನ್ನು ಹೇಳುವ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಆ ನಡತೆಯುಳ್ಳ ಜೀವಗಳು ಜೀವಂತ ಗೆದ್ದಲನ್ನು ಕಾಲು ಹಿಡಿದು ಎಳೆದಾಡುತ್ತಿದ್ದವು. ನಾನು ಬಾಯಿ ತೆರೆದೆ. ಒಳಗಿನಿಂದ ದಾಕ್ಷಿ ಕೆಮ್ಮಿದಳು. ಮುಚ್ಚಿದೆ.

ಕಾರು ಹೊರಟಿತು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ದಾಕ್ಷಿ ಬಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

"ಬೇಜಾರಾಯ್ತೇನ್ರಿ?"

"ದಾಕ್ಷಿ, ನಿಜ ಹೇಳು. ನಿನಗೆ ನಾನು ಹೆಚ್ಚೋ, ಅವು ಹೆಚ್ಚೋ?"

ಅವಳು ಯೋಚಿಸಿದಳು. ಯೋಚಿಸಬೇಕಾಯಿತಲ್ಲ ಎಂಬುದೇ ನನಗೆ ಚುಚ್ಚಿತು.

"ನೋಡ್ರಿ, ನಿಮ್ಮನ್ನ ಹೊರಗೆ ಹಾಕಿದ್ರೂ ಹೆಂಗೋ ಬದುಕ್ತೀರಿ. ಅವು ಬದುಕ್ತಾವಾ? ನೀವಾದ್ರೆ ತಡ್ಕಂತೀರಿ ಅನ್ನೋ ಧೈರ್ಯದ ಮ್ಯಾಲೇ ಅಲ್ವೇನ್ರಿ ನಾನು ಹಂಗಂದಿದ್ದು?"

ಹೀಗೆ ಹೇಳಿದರೆ ಯಾವ ಗಂಡಸು ಕರಗುವುದಿಲ್ಲ? ನನ್ನ ಎದೆಯ ಕಿಚ್ಚು ಆರತೊಡಗಿತು. ಎಷ್ಟಾದರೂ ನನ್ನ ಮೇಲಿನ ನಂಬಿಕೆಯಿಂದಲ್ಲವೇ? ಅವಳ ಕೈಯನ್ನು ಹಿಡಿದುಕೊಂಡೆ.

"ರೀ…" ಎಂದಳು, ಬಲು ಮೃದುವಾಗಿ.

"ಏನೆ?"

"ಇವತ್ತು ತಂದಿದ್ದು ಸಾಲ್ಲಿಲ್ಲ ಕಣ್ರಿ. ಹನ್ನೊಂದು ಹೊಸ ಮರಿ ಹೊರಗೆ ಬಂದವೆ. ನಾಳೆಯಿಂದ ಎರಡು ಕವರು ತರ್ರಿ."

"ಎರಡು ಕವರಾ? ಮತ್ತೆ ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬಿಡ್ರಿ" ಎಂದು ದಾಕ್ಷಿ ಎದ್ದು ಸೀರೆ ಕೊಡವಿಕೊಂಡಳು. "ಇನ್ನು ನಿಮ್ಮ ಹೆಸರು ಕೆಡಾಕೆ ಏನುಳಿದೈತೆ? ಧೈರ್ಯವಾಗಿ ಹೋಗಿ ಬರ್ರಿ."